ಸಂಪಾದಕರ ಉತ್ತರ: ಖಾಲಿ ಆಸನಗಳಿಗಿಂತ ದೊಡ್ಡ ನಷ್ಟ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಎಂಟನೇ ತರಗತಿಯ ಮೊಮ್ಮಗಳಿಗೆ ಶಾಲೆಯಲ್ಲಿ ‘ಸಂಸತ್ತಿನ ಒಂದು ದಿನ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರಿಂದ, ಶುಕ್ರವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಸದ್ ಟಿವಿ ಹಾಕಿದಿರಿ. ಲೋಕಸಭೆಯಲ್ಲಿ ಸದಸ್ಯರೊಬ್ಬರು ಕಾಗದ ಹಿಡಿದು ಮಾತನಾಡುತ್ತಿದ್ದರು. ಸುತ್ತ ಸಾಲುಸಾಲು ಆಸನಗಳು ಖಾಲಿಯಿದ್ದವು. ತಲೆ ಎಣಿಸುತ್ತಾ ಹೋದ ಹುಡುಗಿ ನಲವತ್ತಕ್ಕೆ ನಿಲ್ಲಿಸಿ, “ತಾತ, ಮಿಕ್ಕವರೆಲ್ಲ ರಜೆ ಹಾಕಿದಾರಾ?” ಎಂದು ಕೇಳಿದಳು. ಉತ್ತರ ತೋಚದೆ ಟಿವಿ ಆರಿಸಿದೆ ಎಂದು ಬರೆದಿದ್ದೀರಿ. ಸದನದಲ್ಲಿ ಕೂತವರಿಗಷ್ಟೇ ಸಂಬಳ ಎಂಬ ಕಾನೂನು ಏಕಿಲ್ಲ ಎಂದೂ ಕೇಳಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಶುಕ್ರವಾರ ಮಧ್ಯಾಹ್ನದ ಖಾಲಿ ಆಸನಗಳ ಮೇಲೆ ಖರ್ಚಾಗಿ ಹೋಗಬಾರದು, ಅದಕ್ಕಿಂತ ದೊಡ್ಡ ನಷ್ಟವೊಂದು ಬೆಳಿಗ್ಗೆ ಹನ್ನೊಂದಕ್ಕೇ ಆಗಿಹೋಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಾಜರಿಯ ವಿಷಯ. ಹಾಜರಿಗೆ ಸಹಿ ಮಾಡಿದ ದಿನಗಳಿಗಷ್ಟೇ ಸಂಸದರಿಗೆ ದಿನಭತ್ಯೆ ಸಿಗುತ್ತದೆ. ಆದರೆ ಸಹಿ ಮಾಡಿದವರು ಸಂಜೆಯವರೆಗೂ ಆಸನದಲ್ಲೇ ಕೂತಿರಬೇಕೆಂಬ ನಿಯಮವಿಲ್ಲ. ಸಂವಿಧಾನದ 100ನೇ ವಿಧಿಯ ಪ್ರಕಾರ ಸದನ ನಡೆಯಲು ಒಟ್ಟು ಸದಸ್ಯಬಲದ ಹತ್ತನೇ ಒಂದು ಭಾಗದಷ್ಟು ಜನರಿರಬೇಕು. ಲೋಕಸಭೆಯ 543 ಸ್ಥಾನಗಳ ಲೆಕ್ಕದಲ್ಲಿ ಅದು 55. ಮೊಮ್ಮಗಳ ಎಣಿಕೆ ಸರಿಯಿದ್ದರೆ ಆ ಹೊತ್ತಿಗೆ ಕೋರಂ ಇರಲಿಲ್ಲ. ಸದಸ್ಯರಲ್ಲಿ ಯಾರಾದರೊಬ್ಬರು ಎದ್ದು ಅದನ್ನು ಸಭಾಧ್ಯಕ್ಷರ ಗಮನಕ್ಕೆ ತಂದಿದ್ದರೆ ಗಂಟೆ ಬಾರಿಸಬೇಕಾಗುತ್ತಿತ್ತು, ಆಮೇಲೂ ಸಂಖ್ಯೆ ತುಂಬದಿದ್ದರೆ ಕಲಾಪ ನಿಲ್ಲಿಸಬೇಕಾಗುತ್ತಿತ್ತು. ಯಾರೂ ಏಳಲಿಲ್ಲ, ಏಕೆಂದರೆ ಎದ್ದರೆ ಮಾತನಾಡುತ್ತಿದ್ದವರ ಬಾಯಿ ಕಟ್ಟಿದಂತಾಗುತ್ತಿತ್ತು.

ನೀವು ಟಿವಿ ಹಾಕಿದ ಹೊತ್ತೂ ಅಂಥದ್ದೇ ಆಗಿತ್ತು. ಶುಕ್ರವಾರದ ಕೊನೆಯ ಎರಡೂವರೆ ಗಂಟೆಯನ್ನು ಖಾಸಗಿ ಸದಸ್ಯರ ಕೆಲಸಕ್ಕೆಂದು ಮೀಸಲಿಟ್ಟಿರುತ್ತಾರೆ. ಮಂತ್ರಿಯಲ್ಲದ ಸಂಸದರು, ಅವರು ಯಾವ ಪಕ್ಷದವರಾದರೂ ಸರಿ, ತಾವೇ ಬರೆದ ಮಸೂದೆಯನ್ನು ಒಂದು ಶುಕ್ರವಾರ, ನಿರ್ಣಯವನ್ನು ಇನ್ನೊಂದು ಶುಕ್ರವಾರ ತರುವ ಸಮಯವದು. ಉಳಿದವರಲ್ಲಿ ಹಲವರು ಆ ಹೊತ್ತಿಗೆ ಊರಿನ ವಿಮಾನವನ್ನೋ ರೈಲನ್ನೋ ಹತ್ತಿರುತ್ತಾರೆ. ಇಂಥ ಮಸೂದೆಗಳಲ್ಲಿ ಇದುವರೆಗೆ ಕಾನೂನಾದವು ಕೇವಲ 14, ಅವುಗಳಲ್ಲಿ ಕೊನೆಯದು 1970ರಲ್ಲಿ. ಹಾಗಿದ್ದೂ ಆ ಸದಸ್ಯರು ಖಾಲಿ ಆಸನಗಳೆದುರು ನಿಂತು ತಮ್ಮ ವಾದವನ್ನು ಪೂರ್ತಿ ಹೇಳಿ ಮುಗಿಸುತ್ತಾರೆ. ಅವರ ಮಾತು ಅಕ್ಷರಶಃ ದಾಖಲಾಗುತ್ತದೆ, ಮುಂದೊಂದು ದಿನ ಸರ್ಕಾರವೇ ಅದೇ ವಿಷಯಕ್ಕೆ ಮಸೂದೆ ತರಬೇಕಾಗಿ ಬಂದಾಗ ಆ ದಾಖಲೆ ಅಲ್ಲಿರುತ್ತದೆ. ತೃತೀಯ ಲಿಂಗಿಗಳ ಹಕ್ಕುಗಳ ಬಗ್ಗೆ ಡಿಎಂಕೆಯ ಸಂಸದ ತಿರುಚಿ ಶಿವ ಅವರು ತಂದ ಖಾಸಗಿ ಮಸೂದೆಯನ್ನು ರಾಜ್ಯಸಭೆ 2015ರಲ್ಲಿ ಅಂಗೀಕರಿಸಿತು. ಅದು ಲೋಕಸಭೆಯನ್ನು ದಾಟದಿದ್ದರೂ 2019ರಲ್ಲಿ ಸರ್ಕಾರದ್ದೇ ಕಾನೂನು ಬಂತು. ಎರಡರ ನಡುವೆ ವ್ಯತ್ಯಾಸಗಳಿವೆ, ಆ ಬಗ್ಗೆ ತಕರಾರುಗಳೂ ಇವೆ; ಆದರೆ ವಿಷಯವನ್ನು ಸದನದ ಕಿವಿಗೆ ಮುಟ್ಟಿಸಿದ್ದು ಅಂಥದ್ದೇ ಒಂದು ಶುಕ್ರವಾರ.

ಆದ್ದರಿಂದ ಮಗುವಿಗೆ ಆ ದಿನವನ್ನು ಬೆಳಿಗ್ಗೆಯಿಂದ ತೋರಿಸಬೇಕಿತ್ತು. ಹನ್ನೊಂದಕ್ಕೆ ಸರಿಯಾಗಿ ಸಭಾಧ್ಯಕ್ಷರು ಒಳಗೆ ಬರುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ, ಮಾಜಿ ಸದಸ್ಯರು ಯಾರಾದರೂ ತೀರಿಕೊಂಡಿದ್ದರೆ ಸಂತಾಪ ಸೂಚನೆಯಾಗುತ್ತದೆ, ಆಮೇಲೆ ಪ್ರಶ್ನೋತ್ತರ ಅವಧಿ. ಅಂದಿನ ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳು 20, ಚುಕ್ಕೆ ಗುರುತಿಲ್ಲದವು 230. ಚುಕ್ಕೆ ಇಲ್ಲದವಕ್ಕೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಇದ್ದವಕ್ಕೆ ಮಂತ್ರಿಯೇ ಎದ್ದು ನಿಲ್ಲಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು.

ಆ ಉಪಪ್ರಶ್ನೆಯ ಬೆಲೆ ಏನೆಂದು ನನಗೆ ಗೊತ್ತಾದದ್ದು ಹೊಸದಾಗಿ ಪತ್ರಕರ್ತರ ಗ್ಯಾಲರಿಗೆ ಹೋಗುತ್ತಿದ್ದ ದಿನಗಳಲ್ಲಿ. ಮಂತ್ರಿಯೊಬ್ಬರು ಎದ್ದು, ಉತ್ತರವನ್ನು ಸದನದ ಮುಂದೆ ಇರಿಸಲಾಗಿದೆ ಎಂದು ಹೇಳಿ ಕುಳಿತರು. ಮುದ್ರಿತ ಉತ್ತರದಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಪ್ರಶ್ನೆ ಕೇಳಿದ್ದ ಹಿರಿಯ ಸದಸ್ಯರು ಎದ್ದು, “ಕೊಟ್ಟ ಹಣದ ಲೆಕ್ಕ ಹೇಳಿದ್ದೀರಿ, ಖರ್ಚಾದ ಹಣದ ಲೆಕ್ಕ ಎಲ್ಲಿ?” ಎಂದಷ್ಟೇ ಕೇಳಿದರು. ಮಂತ್ರಿ ಕಡತ ತಿರುವಿದರು, ಮತ್ತೆ ತಿರುವಿದರು. ಅಧಿಕಾರಿಗಳ ಗ್ಯಾಲರಿಯಲ್ಲಿ ಒಬ್ಬರು ಅವಸರದಲ್ಲಿ ಚೀಟಿ ಗೀಚಿ ಸೇವಕನ ಕೈಗೆ ಕೊಟ್ಟರು. ಆ ಚೀಟಿ ಮಂತ್ರಿಯ ಕೈಗೆ ಬರುವಷ್ಟರಲ್ಲಿ ಸದನಕ್ಕೆಲ್ಲ ಅರ್ಥವಾಗಿತ್ತು, ಆ ಲೆಕ್ಕ ಅವರ ಬಳಿ ಇಲ್ಲವೆಂದು. ಮಾಹಿತಿಯನ್ನು ಸದಸ್ಯರಿಗೆ ಕಳಿಸಿಕೊಡುತ್ತೇನೆ ಎಂದು ಅವರು ಒಪ್ಪಿಕೊಳ್ಳಬೇಕಾಯಿತು. ಒಂದು ನಿಮಿಷವೂ ಆಗಿರಲಿಲ್ಲ. ಇಡೀ ಇಲಾಖೆ ಕೂತು ತಯಾರಿಸಿದ ಉತ್ತರದ ತೂತು ಆ ಒಂದು ವಾಕ್ಯದಲ್ಲಿ ಬಯಲಾಯಿತು.

ಇದು ಸಣ್ಣ ಪ್ರಸಂಗ. ದೊಡ್ಡದು 1957ರದು. ಆಗಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿದದ್ದು ಏಕೆಂಬ ಪ್ರಶ್ನೆ ಲೋಕಸಭೆಯಲ್ಲಿ ಎದ್ದಿತು. ಬಂದ ಉತ್ತರಗಳಿಗೆ ತೃಪ್ತರಾಗದ ಫಿರೋಜ್ ಗಾಂಧಿ, ತಾವು ಆಳುವ ಪಕ್ಷದವರು, ಪ್ರಧಾನಿಯ ಅಳಿಯ ಎಂಬುದನ್ನೆಲ್ಲ ಬದಿಗಿಟ್ಟು, ಡಿಸೆಂಬರ್ 16ರಂದು ಇಡೀ ವ್ಯವಹಾರವನ್ನು ಸದನದ ಮುಂದೆ ಬಿಡಿಸಿಟ್ಟರು. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಈಗ ನಾನು ಹೇಳಹೊರಟ ನಷ್ಟಕ್ಕೆ ಬರುತ್ತೇನೆ. ಗದ್ದಲ ಎದ್ದು, ಸದಸ್ಯರು ಫಲಕ ಹಿಡಿದು ಸದನದ ಬಾವಿಗೆ, ಅಂದರೆ ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ಇಳಿದು, ಹನ್ನೊಂದೂ ಹತ್ತಕ್ಕೆ ಕಲಾಪವನ್ನು ಹನ್ನೆರಡಕ್ಕೆ ಮುಂದೂಡಿದರೆಂದು ಇಟ್ಟುಕೊಳ್ಳಿ. ಆ 20 ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ, ಆದರೆ ಲಿಖಿತವಾಗಿ ಮಾತ್ರ. ಉಪಪ್ರಶ್ನೆ ಇರುವುದಿಲ್ಲ, ಕಡತ ತಿರುವಬೇಕಾಗಿಲ್ಲ, ಚೀಟಿ ಓಡಾಡಬೇಕಾಗಿಲ್ಲ. ಹದಿನೈದು ದಿನ ಮೊದಲೇ ಸೂಚನೆ ಕೊಟ್ಟು, ಚೀಟಿ ಎತ್ತುವಾಗ ಅದೃಷ್ಟ ಒಲಿದು, ಪಟ್ಟಿಯಲ್ಲಿ ಮೇಲೆ ಸ್ಥಾನ ಪಡೆದ ಸದಸ್ಯರ ಅವಕಾಶ ಆ ಬೆಳಿಗ್ಗೆಗೇ ಮುಗಿದುಹೋಗುತ್ತದೆ. ಪ್ರಶ್ನೋತ್ತರ ಅವಧಿ ಹಾಳಾದಾಗ ತೊಂದರೆಯಾಗುವುದು ಪ್ರತಿಪಕ್ಷಕ್ಕೆ, ಅದಕ್ಕಿಂತ ಹೆಚ್ಚಾಗಿ ನನಗೆ ಮತ್ತು ನಿಮಗೆ; ಮಂತ್ರಿಗಳಿಗೆ ಅದು ನಿರಾಳದ ದಿನ. ಪ್ರತಿಭಟಿಸುವುದು ವಿರೋಧ ಪಕ್ಷದ ಹಕ್ಕು ಎಂಬುದನ್ನು ನಾನು ಒಪ್ಪುತ್ತೇನೆ, ಚರ್ಚೆಗೆ ಅವಕಾಶ ಕೊಡದೆ ಅವರನ್ನು ಬಾವಿಗಿಳಿಸುವ ಸರ್ಕಾರಗಳ ಹೊಣೆಯೂ ಸಣ್ಣದಲ್ಲ. ಆದರೂ ದಿನದ ಬೇರೆ ಯಾವ ಹೊತ್ತನ್ನಾದರೂ ಬಿಟ್ಟುಕೊಡಲಿ, ಈ ಒಂದು ಗಂಟೆಯನ್ನು ಮಾತ್ರ ಬಿಡಬಾರದೆಂದು ಎಲ್ಲ ಪಕ್ಷದವರನ್ನೂ ಕೈಮುಗಿದು ಕೇಳಬೇಕೆನಿಸುತ್ತದೆ. ನಿರಾತಂಕವಾಗಿ ನಡೆದ ದಿನವೂ 20 ಪ್ರಶ್ನೆ ಮುಗಿಯುವುದು ಅಪರೂಪ. 2019ರ ನವೆಂಬರ್ 27ರಂದು ಅಷ್ಟೂ ಮುಗಿದಾಗ ಅದೇ ಒಂದು ಸುದ್ದಿಯಾಯಿತು.

ಹನ್ನೆರಡರ ನಂತರದ್ದನ್ನು ಬೇಗ ಹೇಳುತ್ತೇನೆ. ವರದಿಗಳು, ಕಾಗದಪತ್ರಗಳು ಮಂಡನೆಯಾಗುತ್ತವೆ, ಶೂನ್ಯವೇಳೆಯಲ್ಲಿ ಸದಸ್ಯರು ತಮ್ಮ ಕ್ಷೇತ್ರದ ತುರ್ತು ವಿಷಯಗಳನ್ನು ಎತ್ತುತ್ತಾರೆ. ಅಲ್ಲಿ ಈಗ ಕನ್ನಡದಲ್ಲೂ ಮಾತು ಕೇಳಿಬರುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋಗಿದ್ದ ಜೆ. ಎಚ್. ಪಟೇಲರು ಮೊದಲ ಬಾರಿಗೆ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನಿಮ್ಮ ಮೊಮ್ಮಗಳಿಗೆ ತಪ್ಪದೆ ಹೇಳಿ. ಊಟದ ಬಿಡುವಿನ ನಂತರ ಮಸೂದೆಗಳ ಸರದಿ. ಆ ಹೊತ್ತಿಗೂ ಆಸನಗಳು ತೆಳುವಾಗಿಯೇ ಇರುತ್ತವೆ. ಕೆಲವರು ಸ್ಥಾಯಿ ಸಮಿತಿಗಳಲ್ಲಿ ಕೂತಿರುತ್ತಾರೆ, ಕೆಲವರು ಕ್ಷೇತ್ರದಿಂದ ಬಂದವರ ಅಹವಾಲು ಕೇಳುತ್ತಿರುತ್ತಾರೆ, ಕೆಲವರು ಸುಮ್ಮನೆ ಬಂದಿರುವುದಿಲ್ಲ. ಆ ಕೊನೆಯವರ ಪರವಾಗಿ ನಾನು ವಾದಿಸಲಾರೆ.

ಆದರೆ ಮಸೂದೆಯ ಮೇಲೆ ವಿಭಜನೆ ಮತ, ಅಂದರೆ ಪರ-ವಿರೋಧದ ಮತಗಳ ಎಣಿಕೆ ಕೇಳಿದ ಕ್ಷಣ ಆವರಣವೆಲ್ಲ ಗಂಟೆ ಮೊಳಗಲು ತೊಡಗುತ್ತದೆ. ಮೂರೂವರೆ ನಿಮಿಷ. ಗ್ರಂಥಾಲಯದಿಂದ, ಮೊಗಸಾಲೆಯಿಂದ, ಕ್ಯಾಂಟೀನಿನಿಂದ ಸದಸ್ಯರು ಅರ್ಧ ಓಡುತ್ತಾ ಬರುವುದನ್ನು, ಮುಚ್ಚುತ್ತಿರುವ ಬಾಗಿಲಿನಿಂದ ಕೊನೆಯವರೊಬ್ಬರು ಏದುಸಿರು ಬಿಡುತ್ತಾ ನುಸುಳಿ ಆಸನ ಹಿಡಿಯುವುದನ್ನು ನೋಡಿದ್ದೇನೆ. ಖಾಲಿಯಿದ್ದ ಸದನ ಅಷ್ಟರಲ್ಲಿ ತುಂಬಿರುತ್ತದೆ. ಹಾಗೆ ತುಂಬಿದ ಸದನದಲ್ಲೇ 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270 ಮತಗಳಿಂದ, ಒಂದೇ ಒಂದು ಮತದ ಅಂತರದಲ್ಲಿ ಉರುಳಿತು.

ನನ್ನನ್ನು ಹೆಚ್ಚು ಕಾಡುವ ಇನ್ನೊಂದು ಲೆಕ್ಕವಿದೆ. 1952ರಲ್ಲಿ ಸೇರಿದ ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕಲಾಪ ನಡೆಸಿತು. 2019ರಿಂದ 2024ರವರೆಗಿನ ಹದಿನೇಳನೆಯದು ನಡೆಸಿದ್ದು 274 ದಿನ. ನಡುವೆ ಕೋವಿಡ್ ಬಂತು, ನಿಜ. 2020ರ ಮಳೆಗಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಆದರೆ ದಿನಗಳು ಕಡಿಮೆಯಾಗುತ್ತಾ ಬಂದದ್ದು ಕೋವಿಡ್‌ಗೂ ಎಷ್ಟೋ ಮೊದಲಿನಿಂದ. ಸದನ ಸೇರದ ಒಂದೊಂದು ದಿನಕ್ಕೂ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕಾದ 20 ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಹಾಜರಿಯ ಕಾನೂನು ಕೇಳುವ ಬದಲು, ವರ್ಷಕ್ಕೆ ಕನಿಷ್ಠ ಇಷ್ಟು ದಿನ ಸದನ ಸೇರಲೇಬೇಕೆಂಬ ನಿಯಮವನ್ನು ನೀವು ಕೇಳುವುದಾದರೆ ನಿಮ್ಮ ಪತ್ರದ ಕೆಳಗೆ ನಾನೂ ಸಹಿ ಹಾಕುತ್ತೇನೆ.

ಮೊಮ್ಮಗಳ ಪ್ರಬಂಧಕ್ಕೆ ಇನ್ನೂ ಸಮಯವಿದ್ದರೆ, ಶುಕ್ರವಾರವಲ್ಲದ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಟಿವಿ ಹಾಕಿ. ಅಂದಿನ ಪ್ರಶ್ನೆಗಳ ಪಟ್ಟಿ ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಅದನ್ನು ಅವಳ ಮುಂದಿಡಿ. ತಲೆ ಎಣಿಸುವುದು ಬೇಡ. ಸದನ ಎಷ್ಟನೆಯ ಪ್ರಶ್ನೆಯವರೆಗೆ ಮುಟ್ಟಿತು, ಯಾವ ಉಪಪ್ರಶ್ನೆಗೆ ಮಂತ್ರಿ ತಡವರಿಸಿದರು, ಗದ್ದಲವಾಗಿದ್ದರೆ ಕಲಾಪ ನಿಂತದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಳ್ಳಲಿ. ಅವಳು ಬರೆದದ್ದನ್ನು ನಮಗೂ ಕಳಿಸಿಕೊಡಿ, ಈ ಪುಟದಲ್ಲೇ ಅಚ್ಚು ಮಾಡುತ್ತೇವೆ.

— ಸಂಪಾದಕ