ಪ್ರತಿಕ್ರಿಯೆ: ವೈರ್ ಸುಡೋ ಹೊಗೆ, ಎದೆಹಾಲು, ರಕ್ತಪರೀಕ್ಷೆ

ಮೇಡಂ, ದಾವಣಗೆರೆಯಲ್ಲಿ ನಿಮ್ಮ ಮನೆ ಹಿಂದಿನ ಗುಜರಿಯವರು ರಾತ್ರಿ ತಾಮ್ರಕ್ಕಾಗಿ ವೈರ್ ಸುಡ್ತಾರೆ, ಬಾಣಂತಿ ಮಗಳಿಗೆ ಡಯಾಕ್ಸಿನ್ (ಇಂಥ ಹೊಗೆ-ಬೂದಿಯಲ್ಲಿ ಇರೋ ವಿಷ) ರಕ್ತಪರೀಕ್ಷೆ ಮಾಡಿಸ್ಲಾ ಅಂತ ಕೇಳಿದ್ದೀರಿ. ನನ್ನ ಕೇಳಿದ್ರೆ ಬೇಡ. ಅದು ನಮ್ಮೂರ ಲ್ಯಾಬಲ್ಲಿ ಆಗೋ ಕೆಲಸ ಅಲ್ಲ, ವಿಪರೀತ ದುಬಾರಿ. ಫಲಿತಾಂಶ ಬಂದ್ರೂ ಅದಕ್ಕಂತ ಮಾತ್ರೆ ಇಲ್ಲ.

ನಿಮ್ಮ ಭಯ ಸುಳ್ಳಲ್ಲ. ವೈರಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಕ್ಲೋರಿನ್ ಇರುತ್ತೆ, ಅರೆಬರೆ ಬೆಂಕಿಯಲ್ಲಿ ತಾಮ್ರವೇ ಡಯಾಕ್ಸಿನ್ ಹುಟ್ಟೋಕೆ ಒತ್ತಾಸೆ ಕೊಡುತ್ತೆ. ಡಯಾಕ್ಸಿನ್‌ಗಳಲ್ಲೇ ಅತಿ ವಿಷಕಾರಿಯಾದ ಟಿಸಿಡಿಡಿ ಅನ್ನೋದನ್ನ 1997ರಲ್ಲೇ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಘೋಷಿಸಿದೆ. ದೇಹ ಸೇರಿದ್ದು ಅರ್ಧಕ್ಕಿಳಿಯೋಕೆ 7ರಿಂದ 11 ವರ್ಷ ಬೇಕು.

ಆದ್ರೆ ಜನರಿಗೆ ಡಯಾಕ್ಸಿನ್ ಸೇರೋದು ಶೇ. 90ಕ್ಕೂ ಹೆಚ್ಚು ಊಟದಿಂದ, ಅದೂ ಪ್ರಾಣಿಗಳ ಕೊಬ್ಬಿನಿಂದ. ನೀರಲ್ಲಿ ಕರಗಲ್ಲ, ಬೆಣ್ಣೆಯಲ್ಲಿ ಕರಗುತ್ತೆ. (ಬೆಣ್ಣೆ ದೋಸೆ ಊರಲ್ಲಿ ಇದನ್ನ ಹೇಳೋಕೆ ನಂಗೂ ಸಂಕಟ; ದೋಸೆ ಬಿಡಬೇಕಿಲ್ಲ.) ಹಾಗಾಗಿ ನೀವು ಬರೆದಿದ್ರಲ್ಲಿ ನನಗೆ ಚುಚ್ಚಿದ್ದು ಹೊಗೆಗಿಂತ ಆ ಗುಜರಿ ಹತ್ರ ಮೇಯೋ, ನೀವು ಮೊಟ್ಟೆ ತಿನ್ನೋ ಕೋಳಿಗಳು. ಬೆಳಿಗ್ಗೆ ವೈರ್ ಸುಟ್ಟ ಬೂದಿ ಕೆದರಿ, ಮಣ್ಣು ಸಮೇತ ಹುಳ ಹೆಕ್ತಾವೆ. ವಿಷ ಮೊಟ್ಟೆಯ ಹಳದಿಯಲ್ಲಿ ಕೂರುತ್ತೆ. ಆ ಮೊಟ್ಟೆ ಇವತ್ತಿಂದಲೇ ನಿಲ್ಸಿ. ಅಲ್ಲಿ ಮೇಯೋ ಎಮ್ಮೆಯ ಹಾಲೂ ಬೇಡ. ಕಿಟಕಿ ಜಾಲರಿಯ ಮಸಿಯನ್ನ ಪೊರಕೆಯಿಂದ ಕೊಡವಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಎದೆಹಾಲು ಮಾತ್ರ ನಿಲ್ಲಿಸ್ಬೇಡಿ. ಅದರಲ್ಲೂ ಸ್ವಲ್ಪ ಇರುತ್ತೆ, ನಿಜ. ಆದ್ರೂ ಕುಡಿಸೋದೇ ಲೇಸು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಬೆಂಕಿ ಉರಿಯೋವಾಗಲೇ ಮೊಬೈಲಲ್ಲಿ ವಿಡಿಯೋ ಮಾಡಿ, ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ, ಅದನ್ನೂ ದೂರಲ್ಲಿ ಬರೀರಿ. ನಮ್ಮ ಓಣಿಯಲ್ಲಿ ಬಾಯಿಮಾತಲ್ಲಿ ಹೇಳಿ ಆರು ತಿಂಗಳು ಕಾದು ಸುಸ್ತಾಗಿದ್ವಿ.