ಆಟ ಕೊಂಡಾಯಿತು, ಎಕ್ಸ್‌ಪ್ಯಾನ್ಷನ್ ಬೇಕಾ?

ಮಳೆಗಾಲ ಹತ್ತಿರ ಬಂತು ಅಂದರೆ ಕಂಪ್ಯೂಟರ್ ಆಟದ ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಹೊರಗೆ ಕಾಲಿಡಲು ಆಗದ ದಿನಗಳು ಬರುತ್ತವೆ ಅಂತ ಕೊಡಗಿನವರಿಗೆ ಗೊತ್ತು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಕ್ಸ್‌ಪ್ಯಾನ್ಷನ್ ಬಗ್ಗೆ, ಅಂದರೆ ಇರುವ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೊಸ ಭಾಗದ ಬಗ್ಗೆ ಇದ್ದವು. ನಾನೇ ಆಡಿ ನೋಡಿದ್ದನ್ನು ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಸಿವಿಲೈಸೇಶನ್ 6 ಇದೆ. ಅದಕ್ಕೆ ರೈಸ್ ಆ್ಯಂಡ್ ಫಾಲ್, ಗ್ಯಾದರಿಂಗ್ ಸ್ಟಾರ್ಮ್ ಅಂತ ಎರಡು ಎಕ್ಸ್‌ಪ್ಯಾನ್ಷನ್ ಇವೆ. ಒಂದಕ್ಕೆ ಮಾತ್ರ ದುಡ್ಡಿದೆ. ಯಾವುದು ತಗೊಳ್ಳಲಿ?
– ಕಾಲೇಜು ವಿದ್ಯಾರ್ಥಿ, ವಿರಾಜಪೇಟೆ

ಊರು ಕಟ್ಟಿ ನಾಗರಿಕತೆ ಬೆಳೆಸುವ ಈ ಆಟಕ್ಕೆ ಗ್ಯಾದರಿಂಗ್ ಸ್ಟಾರ್ಮ್ ತೆಗೆದುಕೊಳ್ಳಿ. ಅಂಗಡಿ ಪುಟದಲ್ಲಿ ಎದ್ದು ಕಾಣದ ಒಂದು ವಿಷಯ ಇದೆ. 2018ರಲ್ಲಿ ರೈಸ್ ಆ್ಯಂಡ್ ಫಾಲ್ ತಂದ ಮುಖ್ಯ ನಿಯಮಗಳು, ಅಂದರೆ ಊರಿನ ನಿಷ್ಠೆ, ಗವರ್ನರ್‌ಗಳು, ಸುವರ್ಣಯುಗ, ಇವೆಲ್ಲ 2019ರ ಗ್ಯಾದರಿಂಗ್ ಸ್ಟಾರ್ಮ್‌ನಲ್ಲೂ ಸೇರಿವೆ. ಹಳೆಯದರ ನಾಗರಿಕತೆಗಳು ಮತ್ತು ನಾಯಕರು ಮಾತ್ರ ಸಿಗುವುದಿಲ್ಲ. ಹಾಗಾಗಿ ಚಂದ್ರಗುಪ್ತನಾಗಿ ಆಡಬೇಕು ಅಂತ ಆಸೆ ಇದ್ದರೆ ರೈಸ್ ಆ್ಯಂಡ್ ಫಾಲ್ ಬೇಕು. ಗಾಂಧಿ ಮೊದಲ ಆಟದಲ್ಲೇ ಇದ್ದಾರೆ.

ನಾನು ಗ್ಯಾದರಿಂಗ್ ಸ್ಟಾರ್ಮ್ ಮೆಚ್ಚಲು ಬೇರೆ ಕಾರಣ ಇದೆ. ಅದರಲ್ಲಿ ನೆಲ ಸುಮ್ನೆ ಬಿದ್ದಿರುವುದಿಲ್ಲ. ಹೊಳೆ ಉಕ್ಕುತ್ತದೆ, ಜ್ವಾಲಾಮುಖಿ ಸಿಡಿಯುತ್ತದೆ, ಬರ ಬರುತ್ತದೆ. ಕಲ್ಲಿದ್ದಲು, ಎಣ್ಣೆ ಉರಿಸಿದಷ್ಟೂ ಸಮುದ್ರ ಮೇಲೇರಿ ಕರಾವಳಿಯ ತಗ್ಗು ಜಾಗ ಮುಳುಗುತ್ತದೆ. ಮೊದಲ ಆಟದಲ್ಲಿ ಹೊಳೆ ದಡದಲ್ಲಿ ಊರು ಕಟ್ಟುವುದಕ್ಕೆ ಎರಡನೇ ಯೋಚನೆ ಬೇಕಿರಲಿಲ್ಲ. ಇದರಲ್ಲಿ ಬೇಕು. ದಡದಲ್ಲಿ ಕಟ್ಟಿದರೆ ನೆರೆ ಬಂದು ಹೊಲ ಹಾಳಾಗುತ್ತದೆ, ಆದರೆ ನೆರೆ ಇಳಿದ ಮೇಲೆ ಅದೇ ಹೊಲ ಮೊದಲಿಗಿಂತ ಫಲವತ್ತಾಗಬಹುದು. ಅಣೆಕಟ್ಟು ಕಟ್ಟಿ ತಡೆಯಬಹುದು, ಅದಕ್ಕೆ ಕಾಲ ಮತ್ತು ಖರ್ಚು ಎರಡೂ ಬೇಕು. ಆರು ಸಾವಿರ ವರ್ಷದ ಆಟದಲ್ಲಿ ಮೊದಲ ಊರನ್ನು ಎಲ್ಲಿ ಇಡಬೇಕು ಅನ್ನುವ ಲೆಕ್ಕವೇ ಬದಲಾಯಿತು. ಎಕ್ಸ್‌ಪ್ಯಾನ್ಷನ್ ಅಂದರೆ ನನ್ನ ಪ್ರಕಾರ ಇದು. ನಾಲ್ಕು ಹೊಸ ಸೈನಿಕರನ್ನು ಸೇರಿಸಿದರೆ ಸಾಲದು, ನೂರು ಗಂಟೆ ಆಡಿದವನೂ ಮೊದಲ ನಡೆಗೆ ಮತ್ತೆ ಯೋಚಿಸುವಂತಾಗಬೇಕು.

ಒಂದು ಮಾತು ಹೇಳಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ನೆರೆ, ಭೂಕುಸಿತ ನೋಡಿದ ನಮಗೆ ಈ ಆಟದ ನೆರೆ ಬೇರೆ ಥರ ತಟ್ಟುತ್ತದೆ. ಆಟದಲ್ಲಿ ಗುಡ್ಡ ಕುಸಿಯುವುದಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಯ ಜೊತೆಗೆ ಮೇಲ್ಮಣ್ಣೂ ಹೋಯಿತು, ಫಲವತ್ತು ಮಾಡುವ ಕೆಸರು ಉಳಿಯಲಿಲ್ಲ. ಆ ವರ್ಷದ ನೆನಪು ಭಾರ ಅನ್ನಿಸುವವರು ಆಟ ಶುರು ಮಾಡುವಾಗ ವಿಕೋಪದ ತೀವ್ರತೆಯನ್ನು ಕಡಿಮೆ ಇಟ್ಟುಕೊಳ್ಳಿ. 0ಯಿಂದ 4ರವರೆಗೆ ಆಯ್ಕೆ ಇದೆ. ನಾನು ತುಂಬಾ ದಿನ 1ರಲ್ಲೇ ಆಡಿದೆ.

ಕೊರತೆಯೂ ಇದೆ. ಇದರ ವರ್ಲ್ಡ್ ಕಾಂಗ್ರೆಸ್ ನನಗೆ ಹಿಡಿಸಲಿಲ್ಲ. ಆಟ ಬಿಗಿಯಾಗುವ ಹೊತ್ತಿಗೆ ಸಭೆ ಕರೆದು ವೋಟು ಕೇಳುತ್ತದೆ, ಬರುವ ನಿರ್ಣಯಗಳು ಎಷ್ಟೋ ಸಲ ನಮಗೆ ಸಂಬಂಧವೇ ಇಲ್ಲದವು.

ಪ್ರಶ್ನೆ: ಸೈಬರ್‌ಪಂಕ್‌ನ ಫ್ಯಾಂಟಮ್ ಲಿಬರ್ಟಿ ನನ್ನ ಪಿಎಸ್ 4ರಲ್ಲಿ ಓಡುತ್ತಾ?
– ಓದುಗರು, ಮಡಿಕೇರಿ

ಇಲ್ಲ. 2023ರಲ್ಲಿ ಆ ಎಕ್ಸ್‌ಪ್ಯಾನ್ಷನ್ ಪಿಎಸ್ 5 (ಪ್ಲೇಸ್ಟೇಷನ್ 5), ಎಕ್ಸ್‌ಬಾಕ್ಸ್ ಸೀರೀಸ್ ಮತ್ತು ಪಿಸಿಗೆ ಮಾತ್ರ ಬಂತು. ಪಿಎಸ್ 4ಕ್ಕೆ ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಪ್ರಶ್ನೆ: ವಿಚರ್ 3 ಅರ್ಧಕ್ಕೇ ಬಿಟ್ಟಿದ್ದೆ. ಎಲ್ಲರೂ ಬ್ಲಡ್ ಆ್ಯಂಡ್ ವೈನ್ ಹೊಗಳುತ್ತಾರೆ. ಸೀದಾ ಅದಕ್ಕೇ ಹೋಗಬಹುದಾ?
– ಬೆಂಗಳೂರಿನ ಕೆಲಸ ಬಿಟ್ಟು ಬಂದವರು, ಗೋಣಿಕೊಪ್ಪ

ಹೋಗಬಹುದು. ಹೊಸ ಆಟ ಶುರು ಮಾಡುವಾಗ ಆ ಎಕ್ಸ್‌ಪ್ಯಾನ್ಷನ್ ಮಾತ್ರ ಆಡುವ ಆಯ್ಕೆ ಇದೆ. ಅದಕ್ಕೆ ತಕ್ಕ ಶಕ್ತಿ ಇರುವ ಗೆರಾಲ್ಟ್, ಅಂದರೆ ಆಟದ ನಾಯಕ, ಸಿಗುತ್ತಾನೆ. ಆದರೆ ಹಾಗೆ ಮಾಡಬೇಡಿ ಅಂತ ನನ್ನ ಮನವಿ. 2016ರಲ್ಲಿ ಬಂದ ಬ್ಲಡ್ ಆ್ಯಂಡ್ ವೈನ್‌ನಲ್ಲಿ, ಊರೂರು ಅಲೆದ ಗೆರಾಲ್ಟ್‌ಗೆ ಕೊನೆಗೂ ದ್ರಾಕ್ಷಿ ತೋಟದ ಮಧ್ಯೆ ಒಂದು ಮನೆ ಸಿಗುತ್ತದೆ. ಮೂಲ ಆಟದ ಕೆಸರು, ಯುದ್ಧ, ಹಸಿವು ದಾಟಿ ಬಂದವನಿಗೆ ಮಾತ್ರ ಆ ಮನೆಯ ಬೆಲೆ ತಿಳಿಯುತ್ತದೆ.

ಮೊದಲು ಇದೇ ಆಟದ ಇನ್ನೊಂದು ಎಕ್ಸ್‌ಪ್ಯಾನ್ಷನ್ ಹಾರ್ಟ್ಸ್ ಆಫ್ ಸ್ಟೋನ್ ಆಡಿ. ಅದು 2015ರದ್ದು, ಸುಮಾರು ಹತ್ತು ಗಂಟೆಯ ಕತೆ. ಬ್ಲಡ್ ಆ್ಯಂಡ್ ವೈನ್ ಅದರ ಎರಡರಷ್ಟಿದೆ, ಆದರೂ ನನ್ನ ಓಟು ಚಿಕ್ಕದಕ್ಕೇ. ಅದರಲ್ಲಿ ಒಂದು ಮದುವೆ ಇದೆ. ಸತ್ತು ಹೋದ ವ್ಲೋಡಿಮಿರ್ ಅನ್ನುವವನ ಆತ್ಮ ಒಂದು ರಾತ್ರಿಗೆ ಗೆರಾಲ್ಟ್‌ನ ಮೈಯಲ್ಲಿ ಸೇರಿಕೊಂಡು ಆ ಮದುವೆಗೆ ಹೋಗುತ್ತದೆ. ಕುಣಿತ, ಹಂದಿ ಅಟ್ಟುವುದು, ಕೆರೆಗೆ ಧುಮುಕಿ ಶೂ ಹುಡುಕುವುದು. ನಮ್ಮ ಮದುವೆಗಳಲ್ಲಿ ವಾಲಗ ಶುರುವಾದ ಮೇಲೆ ಕೂತಲ್ಲಿ ಕೂರಲಾಗದವರು ಇರುತ್ತಾರಲ್ಲ, ಅವರ ನೆನಪಾಯಿತು. ಇನ್ನೊಂದು ಸಲ ಬದುಕಲು ಒಂದೇ ರಾತ್ರಿ ಸಿಕ್ಕಿದವನ ಆತುರ ಅದು. ಇಷ್ಟು ಚೆನ್ನಾಗಿ ಬರೆದ ಭಾಗ ಮೂಲ ಆಟದಲ್ಲೂ ನನಗೆ ಜಾಸ್ತಿ ಸಿಗಲಿಲ್ಲ.

ಇದು 18 ದಾಟಿದವರ ಆಟ. ಮನೆಯಲ್ಲಿ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಿ.

ಪ್ರಶ್ನೆ: ನನಗೆ 61 ವರ್ಷ. ರಜೆಗೆ ಬಂದ ಮೊಮ್ಮಗಳು ಸ್ಟಾರ್ಡ್ಯೂ ವ್ಯಾಲಿ ಹಾಕಿಕೊಟ್ಟು ಹೋದಳು. ಅದರಲ್ಲಿ ಕಾಫಿ ಹತ್ತೇ ದಿನಕ್ಕೆ ಫಸಲು ಕೊಡುತ್ತದಂತೆ! ಇದಕ್ಕೂ ಏನಾದರೂ ಕೊಂಡುಕೊಳ್ಳಬೇಕಾ?
– ಕಾಫಿ ಬೆಳೆಗಾರರು, ಸುಂಟಿಕೊಪ್ಪ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಏನೂ ಕೊಳ್ಳಬೇಕಾಗಿಲ್ಲ. 2016ರಲ್ಲಿ ಒಬ್ಬನೇ ಮನುಷ್ಯ, ಎರಿಕ್ ಬರೋನ್, ಈ ಕೃಷಿ ಆಟವನ್ನು ಬರೆದು, ಚಿತ್ರ ಬಿಡಿಸಿ, ಸಂಗೀತವನ್ನೂ ಮಾಡಿ ಬಿಡುಗಡೆ ಮಾಡಿದರು. ಆಮೇಲೆ ಸೇರಿಸಿದ್ದೆಲ್ಲ ಉಚಿತ. ಇನ್ನೊಬ್ಬರಾದರೆ ಎಕ್ಸ್‌ಪ್ಯಾನ್ಷನ್ ಅಂತ ಮಾರುವಷ್ಟು ದೊಡ್ಡದು 2020ರ 1.5 ಆವೃತ್ತಿ. ಅದರಲ್ಲಿ ಒಂದು ದ್ವೀಪವೇ ಬಂತು. ಮೊಮ್ಮಗಳು ಬಂದಾಗ ಒಂದೇ ಪರದೆಯಲ್ಲಿ ಇಬ್ಬರೂ ಕೂತು ಆಡುವ ಸೌಲಭ್ಯವೂ ಅದರಲ್ಲೇ ಬಂದದ್ದು.

ಕಾಫಿ ವಿಷಯ ನಿಜ. ವಸಂತ ಮತ್ತು ಬೇಸಿಗೆಯಲ್ಲಿ ಹಾಕಿದರೆ ಹತ್ತು ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ನಾಲ್ಕು ಬೀಜ. ಐದು ಬೀಜವನ್ನು ಪೀಪಾಯಿಗೆ ಹಾಕಿದರೆ ಆಟದ ಎರಡು ಗಂಟೆಯಲ್ಲಿ ಕಾಫಿ ರೆಡಿ. ಕುಡಿದರೆ ನಿಮ್ಮ ರೈತ ಸ್ವಲ್ಪ ಹೊತ್ತು ಬೇಗ ನಡೆಯುತ್ತಾನೆ. ಹೂಮಳೆಗೆ ಕಾಯಬೇಕಿಲ್ಲ, ನೆರಳಿನ ಮರ ಬೇಡ, ಕಾಂಡಕೊರಕ ಇಲ್ಲ, ಆನೆ ಬರುವುದಿಲ್ಲ. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದವರಿಗೆ ಇದು ತಪ್ಪು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬೆಳಿಗ್ಗೆ ಎದ್ದು ಮೊದಲು ಆಕಾಶ ನೋಡುವುದು, ಇವತ್ತು ನೀರು ಹಾಯಿಸಬೇಕಾ ಬೇಡವಾ ಅಂತ ಲೆಕ್ಕ ಹಾಕುವುದು, ಇದನ್ನು ಆ ಆಟ ಸರಿಯಾಗಿ ಹಿಡಿದಿದೆ. ನಿಮಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ.

ಬೀಜ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಶುಕ್ರವಾರ ಮತ್ತು ಭಾನುವಾರ ಕಾಡಿನ ಹತ್ತಿರ ಬರುವ ಗಾಡಿಯಲ್ಲಿ ಆಗಾಗ ಇರುತ್ತದೆ, ಬೆಲೆ ಆಟದ ದುಡ್ಡಿನಲ್ಲಿ 2,500. ಒಂದೇ ಬೀಜ ಕೊಂಡರೆ ಸಾಕು. ಬಂದದ್ದನ್ನೇ ಮತ್ತೆ ನೆಡುತ್ತಾ ಹೋಗಿ.

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2ರಲ್ಲಿ ನಮ್ಮ ಕಡೆಯವರು ಇದ್ದಾರಾ?
– ಓದುಗರು, ಕುಶಾಲನಗರ

2022ರ ಡೈನಾಸ್ಟೀಸ್ ಆಫ್ ಇಂಡಿಯಾ ಎಕ್ಸ್‌ಪ್ಯಾನ್ಷನ್‌ನಲ್ಲಿ ಇದ್ದಾರೆ. ಅದಕ್ಕೆ ಮುಂಚೆ ಇಡೀ ದೇಶಕ್ಕೆ 'ಇಂಡಿಯನ್ಸ್' ಅಂತ ಒಂದೇ ಗುಂಪಿತ್ತು. ಅದನ್ನು ಒಡೆದು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕು ಮಾಡಿದರು. ದ್ರಾವಿಡರ ಕತೆ ರಾಜೇಂದ್ರ ಚೋಳನದ್ದು. ಕಾಲಾಳು ಮತ್ತು ಹಡಗು ಗಟ್ಟಿ, ಕುದುರೆ ದುರ್ಬಲ. ಉರುಮಿ ಅನ್ನುವ ಬಳುಕುವ ಕತ್ತಿ ಬೀಸುವ ಸೈನಿಕರು ಗುಂಪಿನ ಮೇಲೆ ಬಿದ್ದಾಗ ನೋಡಬೇಕು. ಹೊಯ್ಸಳರಿಗೆ, ವಿಜಯನಗರಕ್ಕೆ ಬೇರೆಯಾಗಿ ಒಂದೊಂದು ಕತೆ ಕೊಡಬೇಕಿತ್ತು ಅಂತ ನನಗೆ ಈಗಲೂ ಬೇಸರ ಇದೆ.

ಆದರೆ ಈ ಆಟಕ್ಕೆ ಬಂದ ಎಲ್ಲ ಎಕ್ಸ್‌ಪ್ಯಾನ್ಷನ್‌ಗಳಲ್ಲಿ ದೊಡ್ಡದು ಅಂತ ನಾನು ಹೇಳುವುದು 2000ದ ದಿ ಕಾಂಕರರ್ಸ್. ಮಡಿಕೇರಿಯ ಒಂದು ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ ಆಟ ಅದು. ಅಜ್ಟೆಕ್, ಹೂಣರು ಅಂತ ಐದು ಹೊಸ ಗುಂಪು ಬಂದವು, ಸರಿ. ನನ್ನನ್ನು ಗೆದ್ದದ್ದು ಸಣ್ಣ ಬದಲಾವಣೆ. ಬೆಳೆ ಮುಗಿದ ಹೊಲವನ್ನು ಮೊದಲು ನಾವೇ ಹುಡುಕಿ ಮತ್ತೆ ಹಾಕಬೇಕಿತ್ತು. ಕಾಂಕರರ್ಸ್‌ನಲ್ಲಿ ಗಿರಣಿಗೆ ಮೊದಲೇ ಮರ ಕೊಟ್ಟಿಟ್ಟರೆ ರೈತ ತಾನೇ ಹಾಕಿಕೊಳ್ಳುತ್ತಿದ್ದ. ಕೆಫೆಯ ಒಂದು ಗಂಟೆ ಅವತ್ತಿನಿಂದ ದೊಡ್ಡದಾಯಿತು. ಹಿಂದಿನ ಆಟಕ್ಕೆ ವಾಪಸ್ ಹೋಗಲು ಆಗಲೇ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನೆಟ್ ಇಲ್ಲ, ಕರೆಂಟ್ ಬಂದು ಹೋಗುತ್ತದೆ. ಕೊಂಡ ಆಟ ಆಡುವುದು ಹೇಗೆ?
– ಓದುಗರು, ಭಾಗಮಂಡಲ

ಜೋರು ಮಳೆಯ ಕಕ್ಕಡ ತಿಂಗಳಿಗೆ ಕಾಯಬೇಡಿ, ಮೇ ತಿಂಗಳಲ್ಲೇ ಎಲ್ಲ ಇಳಿಸಿಕೊಳ್ಳಿ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡದ್ದಾದರೆ ನೆಟ್ ಇರುವಾಗಲೇ ಆಟವನ್ನು ಒಮ್ಮೆ ತೆರೆದು ನೋಡಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹಾಕಿ. ಜಿಒಜಿ ಅನ್ನುವ ಇನ್ನೊಂದು ಅಂಗಡಿಯಲ್ಲಿ ಕೊಂಡರೆ ಇನ್‌ಸ್ಟಾಲ್ ಫೈಲನ್ನೇ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಆಮೇಲೆ ನೆಟ್ ಬೇಡ. ಲ್ಯಾಪ್‌ಟಾಪ್ ಅಲ್ಲದಿದ್ದರೆ ಒಂದು ಯುಪಿಎಸ್ ಇರಲಿ. ಸಿವಿಲೈಸೇಶನ್‌ನಲ್ಲಿ ಪ್ರತಿ ಸರದಿಗೂ ತಾನೇ ಸೇವ್ ಆಗುವಂತೆ ಇಟ್ಟುಕೊಳ್ಳಿ. ಸ್ಟಾರ್ಡ್ಯೂನಲ್ಲಿ ಹಾಗಿಲ್ಲ, ರೈತ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಗಾಳಿ ಜೋರಾಗಿ ದೀಪ ಮಿಣುಕಲು ಶುರುವಾದರೆ, ಕೈಯಲ್ಲಿರುವ ಕೆಲಸ ಬಿಟ್ಟು ಮೊದಲು ಅವನನ್ನು ಹಾಸಿಗೆಗೆ ಕಳಿಸಿ.