ಗೋಡೆಯ ಮೇಲೆ ದಿನಗಳ ಲೆಕ್ಕ ಬರೆಯಬೇಡಿ

ದಿನ ತುಂಬದೆ ಹುಟ್ಟಿ ಈಗ ಶಾಲೆಗೆ ಹೋಗುತ್ತಿರುವ ಮಕ್ಕಳ ಭಾವಚಿತ್ರಗಳನ್ನು ತೆಗೆದು ನವಜಾತ ಶಿಶುಗಳ ತೀವ್ರ ನಿಗಾ ಘಟಕದ (ಎನ್‌ಐಸಿಯು) ಹೊರಗಿನ ಗೋಡೆಗೆ ಹಾಕಬೇಕು, ಒಳಗೆ ಮಗುವನ್ನು ಬಿಟ್ಟು ಕೂತವರಿಗೆ ಧೈರ್ಯ ಬರಬೇಕು, ಅದಕ್ಕೆ ಎಷ್ಟು ಚಿತ್ರ ಬೇಕು, ಯಾವ ಲೆನ್ಸ್ ಬೇಕು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇವೆರಡನ್ನೇ ಕೇಳಿಕೊಂಡು ಹೊರಟವನು.

ನನ್ನ ಮಗಳು ಹುಟ್ಟಿದ್ದು 29ನೇ ವಾರಕ್ಕೆ, ತೂಕ 1,120 ಗ್ರಾಂ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಪೂರ್ವ ಜನನ ಎನ್ನುತ್ತಾರೆ, ಜಗತ್ತಿನಲ್ಲಿ ಸುಮಾರು ಹತ್ತು ಮಕ್ಕಳಲ್ಲಿ ಒಂದು ಹಾಗೆ ಹುಟ್ಟುತ್ತದೆ ಎಂಬುದೆಲ್ಲ ಆಮೇಲೆ ತಿಳಿದದ್ದು. ಆಗ ಕಣ್ಣಿಗೆ ಬಿದ್ದದ್ದು ಮೂಗಿನ ಕೊಳವೆ, ಕೆನ್ನೆಯ ಅಂಟುಪಟ್ಟಿ, ಪಾದಕ್ಕೆ ಸುತ್ತಿದ ಕೆಂಪು ದೀಪ. ಹೊಟ್ಟೆಪಾಡಿಗೆ ಫೋಟೊ ತೆಗೆಯುವ ನಾನು ಮೊದಲ ಹನ್ನೊಂದು ದಿನ ಅವಳ ಒಂದು ಚಿತ್ರವನ್ನೂ ತೆಗೆಯಲಿಲ್ಲ. ತೆಗೆದರೆ ಕೊನೆಗೆ ಅದೊಂದೇ ಉಳಿದೀತು ಎಂಬ ಭಯ. ಹನ್ನೆರಡನೆಯ ದಿನ ನರ್ಸ್ ಒಬ್ಬರು ನನ್ನ ಮೊಬೈಲನ್ನು ಕೇಳಿ ಪಡೆದು, ಒರೆಸಿ, ಹೆಂಡತಿಯ ಎದೆಗೆ ಒರಗಿದ್ದ ಮಗುವಿನ ಚಿತ್ರ ತೆಗೆದುಕೊಟ್ಟರು. ಅಲುಗಿದ, ಓರೆಯಾದ ಚಿತ್ರ. ಮಗಳ ಮೂಗು ಅವಳ ಅಮ್ಮನದೇ ಎಂದು ನನಗೆ ಗೊತ್ತಾದದ್ದು ಅದರಲ್ಲಿ.

ಅವಳಿಗೆ ನಾಲ್ಕು ತುಂಬಿದ ವರ್ಷ ಅದೇ ಘಟಕಕ್ಕೆ ಹೋಗಿ ಚಿತ್ರ ಹಾಕಲು ಗೋಡೆ ಕೇಳಿದೆ. ಒಟ್ಟು ಹದಿನಾಲ್ಕು ಮಕ್ಕಳು. ಪ್ರತಿಯೊಬ್ಬರ ಕೈಯಲ್ಲೂ ಇನ್‌ಕ್ಯುಬೇಟರಿನೊಳಗೆ, ಅಂದರೆ ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯೊಳಗೆ, ಇದ್ದ ತಮ್ಮದೇ ಹಳೆಯ ಚಿತ್ರ. ಈ ಉಪಾಯ ನನ್ನದಲ್ಲ, ಬೇರೆ ಕಡೆಗಳಲ್ಲೂ ಮಾಡಿದ್ದಾರೆ. ನವೆಂಬರ್ 17, ವಿಶ್ವ ಅವಧಿಪೂರ್ವ ಜನನ ದಿನದಂದು ತೂಗುಹಾಕಿದೆವು. ಬಂದವರೆಲ್ಲ ಕಣ್ಣೊರೆಸಿಕೊಂಡರು. ನಾನು ಉಬ್ಬಿಹೋದೆ.

ತಪ್ಪು ಇದ್ದದ್ದು ಚಿತ್ರದಲ್ಲಲ್ಲ, ಕೆಳಗೆ ಅಂಟಿಸಿದ ಚೀಟಿಯಲ್ಲಿ. ಪ್ರತಿ ಚೀಟಿಯಲ್ಲಿ ಮೂರು ಅಂಕಿ ಬರೆದಿದ್ದೆ: ಎಷ್ಟನೇ ವಾರ, ಎಷ್ಟು ಗ್ರಾಂ, ಎಷ್ಟನೇ ದಿನ ಮನೆಗೆ. ಒಂದು ಹುಡುಗಿಯದು "27 ವಾರ, 980 ಗ್ರಾಂ, 61 ದಿನ". ಯಾರೂ ಹಾಗೆ ಬರೆಯಲು ಹೇಳಿರಲಿಲ್ಲ. ಅಂಕಿ ಇದ್ದರೆ ಚಿತ್ರಕ್ಕೆ ತೂಕ ಬರುತ್ತದೆ, ನೋಡಿದವರು "ಅಬ್ಬಾ" ಎನ್ನುತ್ತಾರೆ ಎಂದು ನಾನೇ ಸೇರಿಸಿದ್ದು.

ಆ ವಾರವೇ 27ನೇ ವಾರಕ್ಕೆ ಹುಟ್ಟಿದ ಗಂಡುಮಗುವೊಂದು ದಾಖಲಾಯಿತು, 1,010 ಗ್ರಾಂ. ತಂದೆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ಅರವತ್ತೊಂದನೆಯ ದಿನ ಬೆಳಿಗ್ಗೆ ಅವರು ಚೀಲದಲ್ಲಿ ಹೊಸ ಕುಲಾವಿ, ಕಾಲುಚೀಲ, ಹೊದಿಕೆ ತುಂಬಿಕೊಂಡು ಬಂದರು. ಮಗುವಿಗೆ ಇನ್ನೂ ಆಮ್ಲಜನಕ ನಡೆಯುತ್ತಿತ್ತು. "ಆ ಹುಡುಗಿ ನಮ್ಮವನಿಗಿಂತ ಮೂವತ್ತು ಗ್ರಾಂ ಕಡಿಮೆ ಇದ್ದಳಲ್ಲ, ಅವಳು ಹೋದಳು, ಇವನೇಕೆ ಹೋಗುವುದಿಲ್ಲ? ನೀವೇನು ಮುಚ್ಚಿಡುತ್ತಿದ್ದೀರಿ?" ಎಂದು ವೈದ್ಯರನ್ನು ಕೇಳಿದರಂತೆ. ತಾಯಿ ತನ್ನ ಹಾಲು ಸಾಲದೆ ಹೀಗಾಯಿತು ಎಂದು ತೀರ್ಮಾನಿಸಿಕೊಂಡುಬಿಟ್ಟಿದ್ದರು. ಇದನ್ನು ನನಗೆ ಫೋನಿನಲ್ಲಿ ಹೇಳಿದ್ದು ಅದೇ ನರ್ಸ್. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇದನ್ನು ಎಳೆದು ಹೇಳುತ್ತಿದ್ದೇನೆ, ಏಕೆಂದರೆ ನೀವೂ ಚೀಟಿ ಬರೆಯುತ್ತೀರಿ. ಆ ಘಟಕದಲ್ಲಿ ಅಪ್ಪ ಅಮ್ಮ ಬದುಕುವುದೇ ಅಂಕಿಗಳ ಮೇಲೆ. ಇವತ್ತು ಎಷ್ಟು ಗ್ರಾಂ ಏರಿತು, ಎಷ್ಟು ಮಿಲಿಲೀಟರ್ ಹಾಲು ಇಳಿಯಿತು, ಪರದೆಯ ಮೇಲೆ ರಕ್ತದ ಆಮ್ಲಜನಕ ಶೇ. 92ಕ್ಕೆ ಬಿತ್ತೇ, ಉಸಿರು ಮರೆತದ್ದು ಎಷ್ಟು ಸಲ. ಅಂಥವರ ಮುಂದೆ ಒಂದು ಸಂಖ್ಯೆಯನ್ನು ಇಟ್ಟರೆ ಅವರು ಅದನ್ನು ಕಥೆ ಎಂದು ಓದುವುದಿಲ್ಲ, ವೇಳಾಪಟ್ಟಿ ಎಂದು ಓದುತ್ತಾರೆ. ನಾನೂ ಹಾಗೆ ಓದಿದ್ದವನೇ. ಪಕ್ಕದ ಮಗುವಿನ ತೂಕವನ್ನು ಕದ್ದು ನೋಡಿ ಲೆಕ್ಕ ಹಾಕಿದ್ದವನು. ಮನೆಗೆ ಕಳಿಸುವುದನ್ನು ತೂಕವೊಂದೇ ತೀರ್ಮಾನಿಸುವುದಿಲ್ಲ. ಮಗು ನೆರವಿಲ್ಲದೆ ಉಸಿರಾಡಬೇಕು, ಮೈಯ ಬಿಸಿ ಹಿಡಿದುಕೊಳ್ಳಬೇಕು, ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಟ್ಟಿಗೆ ಕಲಿಯಬೇಕು. ಒಂದೇ ವಾರಕ್ಕೆ, ಒಂದೇ ತೂಕಕ್ಕೆ ಹುಟ್ಟಿದ ಎರಡು ಮಕ್ಕಳಲ್ಲಿ ಒಂದರ ಶ್ವಾಸಕೋಶ ಬೇಗ ಗಟ್ಟಿಯಾಗುತ್ತದೆ, ಇನ್ನೊಂದಕ್ಕೆ ನಡುವೆ ಸೋಂಕು ತಗಲುತ್ತದೆ. ನನ್ನ ಚೀಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಆ ಹುಡುಗಿಗೆ ನಡುವೆ ಎರಡು ಸಲ ಸೋಂಕಾಗಿತ್ತು ಎಂಬುದು ನನಗೆ ಗೊತ್ತಿತ್ತು, ಬರೆದಿರಲಿಲ್ಲ.

ಅಂದು ಸಂಜೆಯೇ ಹೋಗಿ ಹದಿನಾಲ್ಕೂ ಚೀಟಿಗಳನ್ನು ಕಿತ್ತೆ. ಮಕ್ಕಳನ್ನೇ ಕೇಳಿ ಹೊಸದಾಗಿ ಬರೆದೆ. ಆ ಹುಡುಗಿಯದು ಈಗ ಹೀಗಿದೆ: "ಮುಂದಿನ ಎರಡು ಹಲ್ಲು ಬಿದ್ದಿವೆ. ಕತ್ತಲೆಂದರೆ ಹೆದರಿಕೆ, ಹಲ್ಲಿಯೆಂದರೆ ಇಲ್ಲ." ಕನ್ನಡಕ ಹಾಕಿದವರನ್ನು, ಕಾಲಿಗೆ ಪಟ್ಟಿ ಕಟ್ಟಿ ನಡೆಯುವ ಹುಡುಗನನ್ನು ಮೊದಲ ಸಲ ಬಿಟ್ಟಿದ್ದೆ, ಅವರನ್ನೂ ಸೇರಿಸಿದೆ.

ಈಗ ನಿಮ್ಮ ಪ್ರಶ್ನೆಗೆ. ಎಷ್ಟು ಚಿತ್ರ ಎಂದಿರಿ. ಗೋಡೆಯಿಂದ ಶುರುಮಾಡುವುದೇ ಬೇಡ ಎನ್ನುತ್ತೇನೆ. ಬೇರೆಯವರ ಗೆದ್ದ ಮಗುವಿಗಿಂತ ಅಲ್ಲಿ ಕೂತ ತಾಯಿಗೆ ಬೇಕಾದದ್ದು ತನ್ನ ಮಗುವಿನ ಮುಖ. 1903ರಿಂದ 1943ರವರೆಗೆ ಅಮೆರಿಕದ ಕೋನಿ ಐಲೆಂಡಿನಲ್ಲಿ ಮಾರ್ಟಿನ್ ಕೂನಿ ಎಂಬಾತ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಇನ್‌ಕ್ಯುಬೇಟರಿನಲ್ಲಿಟ್ಟು, 25 ಸೆಂಟ್ ಟಿಕೆಟ್ ಮಾಡಿ ಜನರಿಗೆ ತೋರಿಸುತ್ತಿದ್ದ. ಆ ಹಣದಲ್ಲೇ ಆರೈಕೆ ನಡೆದು ಎಷ್ಟೋ ಮಕ್ಕಳು ಉಳಿದರು ಎಂಬುದೂ ನಿಜ. ಆದರೂ ಮಗುವನ್ನು ನೋಟದ ವಸ್ತು ಮಾಡಿಬಿಡದಿರಲು, ಗೋಡೆ ಕಟ್ಟುವ ನಮ್ಮಂಥವರು ಆಗಾಗ ಅವನನ್ನು ನೆನೆಯುವುದು ಒಳ್ಳೆಯದು.

ಮಗು ಎದೆಗೆ ಒರಗಿರುವ ಕಾಂಗರೂ ಆರೈಕೆಯ ಹೊತ್ತಿಗೆ ಹೋಗಿ. ಕಾಮಾಲೆಗೆ ನೀಲಿ ಬೆಳಕಿನಲ್ಲಿಟ್ಟ ಮಗುವಾದರೆ ಹಾಲು ಕುಡಿಸಲು ಕಣ್ಣಪಟ್ಟಿ ತೆಗೆಯುವ ಕೆಲವು ನಿಮಿಷಗಳೇ ನಿಮ್ಮವು; ನರ್ಸ್ ಒಪ್ಪಿದರೆ ಮಾತ್ರ. ಕೊಳವೆಯನ್ನು ಕಂಪ್ಯೂಟರಿನಲ್ಲಿ ಅಳಿಸಬೇಡಿ. ಕೇಳಿದರೆ ಇನ್ನೊಂದು ಪ್ರತಿ ಮಾಡಿಕೊಡಿ, ಮೂಲವನ್ನು ಇಟ್ಟುಕೊಳ್ಳಿ. ಮುದ್ರಿಸಿ ಅದೇ ವಾರ ಕೈಗೆ ಕೊಡಿ, ದುಡ್ಡು ಕೇಳಬೇಡಿ. ಗೋಡೆಗೆ ಬೇರೆ ಒಪ್ಪಿಗೆ, ಅಂತರ್ಜಾಲಕ್ಕೆ ಬೇರೆ ಒಪ್ಪಿಗೆ, ಎರಡೂ ಲಿಖಿತವಾಗಿ. ಪಕ್ಕದ ಮಗುವಿನ ಹೆಸರಿನ ಚೀಟಿ ಚೌಕಟ್ಟಿನೊಳಗೆ ನುಸುಳದಿರಲಿ.

ಲೆನ್ಸ್: 35 ಎಂಎಂ. ಹಿಂದೆ ಸರಿಯಲು ಅಲ್ಲಿ ಜಾಗವಿರುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ, ಫೋಕಸ್‌ಗೆಂದು ಕ್ಯಾಮೆರಾ ಉಗುಳುವ ಸಣ್ಣ ದೀಪವನ್ನೂ ಆರಿಸಿ. ಸದ್ದಿಲ್ಲದ ಶಟರ್ ಹಾಕಿದರೆ ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಬರುವುದುಂಟು. ಮೊದಲು ಗೋಡೆಯ ಚಿತ್ರವೊಂದನ್ನು ತೆಗೆದು ನೋಡಿಕೊಳ್ಳಿ. ಉಂಗುರ, ಗಡಿಯಾರ ಬಿಚ್ಚಿ ಮೊಣಕೈವರೆಗೆ ತೊಳೆಯಿರಿ, ಕ್ಯಾಮೆರಾ ಒರೆಸಿ. ಕುತ್ತಿಗೆಪಟ್ಟಿಯನ್ನು ಹೊರಗೇ ಬಿಟ್ಟು ಹೋಗಿ, ಬಗ್ಗಿದಾಗ ಅದು ಮಗುವಿನ ಮೇಲೆ ಇಳಿಯುತ್ತದೆ. ನೆಗಡಿಯಿದ್ದರೆ ಆ ದಿನ ಹೋಗಲೇಬೇಡಿ.